ಉಂಡೆಗೆ ಹಾಕಿದ ಹಗ್ಗ

ಬೀದಿಯವರೆಲ್ಲ ಹಗ್ಗದಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತನಾಲ್ಕು ವರ್ಷ, ಕಸುಬು ಕಾಡುಮೇಡಿನಲ್ಲಿ ಓಡಿಸುವ ಗಾಡಿಗಳಿಗೆ ಟೈರು, ಹಗ್ಗ, ಕೊಕ್ಕೆ, ವಿಂಚು ಮಾರುವುದು, ವಾಸ ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಅದೇ ಅಂಗಡಿಯ ಮೇಲಿನ ಮಹಡಿ, ಈ ದಿನ ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ಕಳೆದ ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಣ್ಣ ತಮ್ಮ ಇಬ್ಬರು ನನ್ನ ಅಂಗಡಿಗೆ ಬಂದಿರುತ್ತಾರೆ. ಇಬ್ಬರೂ ಸೇರಿ ಕುರ್ಚಿ ಮೇಜು ಮಾಡುವ ಕಾರ್ಖಾನೆ ನಡೆಸುವವರೆಂದು ಅವರ ಮಾತಿನಿಂದಲೇ ತಿಳಿಯಿತು. ಅಣ್ಣನಿಗೆ ಐವತ್ತು ಇರಬಹುದು, ತಮ್ಮನಿಗೆ ನಲವತ್ತು. ಅಣ್ಣ ಹೊಸದಾಗಿ ಒಂದು ಫೋರ್ ವೀಲ್ ಗಾಡಿ ಕೊಂಡಿದ್ದರು, ಅದೂ ಸೆಕೆಂಡ್ ಹ್ಯಾಂಡ್. ತಮ್ಮನದು ಹಳೆಯ ಗಾಡಿ. ಕಾರ್ಖಾನೆಯ ಟ್ರೇಲರ್ ಸಿಕ್ಕಿಸಲು ಅದರ ಹಿಂಬದಿಯಲ್ಲಿ ಕಬ್ಬಿಣದ ಉಂಡೆಯೊಂದನ್ನು ಕೂರಿಸಿದ್ದರು. ಮಾರನೆಯ ದಿನ ಇಬ್ಬರೂ ಎರಡು ಗಾಡಿಗಳನ್ನು ಹೊಳೆಯ ಮರಳಿಗೆ ಇಳಿಸುವವರಿದ್ದರು.

ಅಣ್ಣನಿಗೆ ಗಾಡಿಯ ಮುಂದೆ ಕೂರಿಸಿ ಹಗ್ಗ ಸುತ್ತಿ ಎಳೆಯುವ ವಿಂಚೇ ಬೇಕಿತ್ತು. ನಾನು ಹೊರಗೆ ಹೋಗಿ ಅವರ ಗಾಡಿಯ ಟೈರು ಸವರಿ ನೋಡಿದೆ, ಅಂಗೈ ಹಾಗೆ ನುಣ್ಣಗಿತ್ತು. ನನಗೆ ಬಾಯಿ ಸ್ವಲ್ಪ ಜೋರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು ಯಜಮಾನ್ರೇ, ಮೊದಲು ಟೈರು ಹಾಕ್ಸಿ, ಮರಳಲ್ಲಿ ವಿಂಚಿನ ಹಗ್ಗ ಕಟ್ಟೋಕೆ ನಿಮಗೋಸ್ಕರ ಮರ ಯಾರು ನೆಟ್ಟಿದ್ದಾರೆ ಎಂದು ಕೇಳಿದೆ. ಅವರು ಜೋರಾಗಿ ನಕ್ಕು ಒಪ್ಪಿದರು. ಕೊನೆಗೆ ನಾಲ್ಕು ಟೈರು, ಚಕ್ರದ ಕೆಳಗೆ ತುರುಕುವ ಎರಡು ಹಲಗೆ, ಎಳೆದಾಗ ಹಿಗ್ಗುವ ಒಂದು ದಪ್ಪ ಹಗ್ಗ, ಹಗ್ಗವನ್ನು ಕೊಕ್ಕೆಗೆ ಸೇರಿಸುವ ಎರಡು ಶಾಕಲ್, ಎಳೆಯುವಾಗ ಹಗ್ಗ ಕಿತ್ತು ಹಾರದಂತೆ ಅದರ ಮೇಲೆ ಹಾಸುವ ಭಾರದ ಕಂಬಳಿ ಇಷ್ಟು ತೆಗೆದುಕೊಂಡರು. ಮರಳಿಗೆ ಇಳಿಯುವ ಮೊದಲು ಗಾಳಿ ಅರ್ಧ ಬಿಡಿ ಎಂದೂ ಹೇಳಿದೆ.

ಟೈರು ಹಾಕುವಷ್ಟು ಹೊತ್ತೂ ಅಣ್ಣ ತಮಾಷೆ ಮಾಡುತ್ತಲೇ ಇದ್ದರು. ತಮ್ಮನ ಹೆಸರು ಒಮ್ಮೆಯೂ ಅವರ ಬಾಯಿಂದ ಬರಲಿಲ್ಲ, ಕರೆದದ್ದೆಲ್ಲ ಸ್ಟೆಪ್ನಿ ಎಂದೇ. ಇವನು ನಮ್ಮ ಸ್ಟೆಪ್ನಿ ಕಣಮ್ಮ, ಪಂಕ್ಚರ್ ಆದಾಗ ಮಾತ್ರ ನೆನಪಾಗ್ತಾನೆ, ಮುಂದಿನ ತಿಂಗಳು ನನ್ನ ಮಗ ಕಾರ್ಖಾನೆಗೆ ಬಂದು ಕೂತ್ಕೋತಾನೆ, ಆಮೇಲೆ ಈ ಸ್ಟೆಪ್ನಿನೂ ಬೇಡ ಎಂದು ಹೇಳಿದರು. ಟೈರು ಹಾಕುತ್ತಿದ್ದವನೂ ನಕ್ಕ. ತಮ್ಮನೂ ನಕ್ಕರು, ಆದರೆ ಕಿವಿ ಎರಡೂ ಕೆಂಪಾಗಿದ್ದವು. ನನಗೆ ಯಾಕೋ ಸರಿಬರಲಿಲ್ಲ. ಗಿರಾಕಿಗಳ ಮನೆ ವಿಷಯ ನಮಗ್ಯಾಕೆ ಎಂದು ಸುಮ್ಮನಾದೆ.

ಆಮೇಲೆ ಅಣ್ಣನಿಗೆ ಫೋನ್ ಬಂದು ಅವರು ರಸ್ತೆಯ ಆಚೆ ಬದಿಗೆ ಹೋದರು. ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಹಿಗ್ಗುವ ಹಗ್ಗ ಕೊಂಡವರು ಅದನ್ನು ಎಲ್ಲಿಗೆ ಹಾಕಬೇಕು, ಎಲ್ಲಿಗೆ ಹಾಕಬಾರದು ಎಂದು ನನ್ನೆದುರು ಬಾಯಿಬಿಟ್ಟು ಒಪ್ಪಿಸದೆ ಹಗ್ಗ ಕೈಗೆ ಕೊಡುವುದಿಲ್ಲ. ದೊಡ್ಡ ಅಧಿಕಾರಿಗಳೂ ಒಪ್ಪಿಸಿಯೇ ಹೋಗಿದ್ದಾರೆ. ಜೊತೆಗೆ, ಸರಿಯಾದ ಕೊಕ್ಕೆ ಯಾವುದೆಂದು ಗೊತ್ತಾಗಲಿ ಎಂದು ನಾನೇ ಗಾಡಿಯ ಬಳಿ ಹೋಗಿ ಅದಕ್ಕೆ ಕೆಂಪು ಬಣ್ಣ ಬಳಿಯುತ್ತೇನೆ. ಅಂದು ಎರಡೂ ಗಾಡಿಗಳಿಗೆ ಬಳಿದೆ. ತಮ್ಮನ ಗಾಡಿಯಲ್ಲಿ ಆ ಕೊಕ್ಕೆ ಉಂಡೆಯಿಂದ ಒಂದು ಗೇಣು ಪಕ್ಕಕ್ಕೆ, ಚಾಸಿಗೆ ಸೇರಿಕೊಂಡಂತೆ ಇದೆ.

ಬಳಿಯುತ್ತಿರುವಾಗ ತಮ್ಮ ಕುಕ್ಕರುಗಾಲಿನಲ್ಲಿ ನನ್ನ ಪಕ್ಕ ಕೂತರು. ಗಿರಾಕಿಗಳು ಸಾಮಾನ್ಯವಾಗಿ ಹಗ್ಗ ಎಷ್ಟು ಭಾರ ಎಳೆಯುತ್ತೆ ಎಂದು ಕೇಳುತ್ತಾರೆ. ಇವರು ಕೇಳಿದ್ದು ಬೇರೆ. ಅಕ್ಕಾ, ಉಂಡೆಗೇ ಹಾಕಿಬಿಟ್ರೆ ಏನಾಗುತ್ತೆ ಎಂದರು. ಕಿತ್ಕೊಂಡು ಗುಂಡು ಹೊಡೆದ ಹಾಗೆ ಹಾರುತ್ತಪ್ಪಾ ಎಂದೆ. ಹಾರಿದ್ರೆ ಎಳೆಯೋ ಗಾಡಿಯವನಿಗೆ ಬಡಿಯುತ್ತಾ, ಸಿಕ್ಕಿಕೊಂಡಿರೋನಿಗಾ ಎಂದರು. ಹಗ್ಗ ಯಾವ ಕಡೆ ಜಗ್ಗುತ್ತೋ ಆ ಕಡೆಗೇ, ಹಿಂದೆ ಸಿಕ್ಕಿಕೊಂಡಿರೋನ ಗಾಜಿಗೇ ನೆಟ್ಟಗೆ ಹೋಗುತ್ತೆ ಎಂದೆ. ಅವರು ತಲೆ ಆಡಿಸಿದರು. ನಂತರ ಒಪ್ಪಿಸಿ ಎಂದಾಗ ಒಂದು ಮಾತೂ ತಪ್ಪದೆ ಒಪ್ಪಿಸಿದರು, ಕೆಂಪು ಕೊಕ್ಕೆಗೇ ಹಾಕ್ತೀನಿ, ಉಂಡೆಗೆ ಯಾವತ್ತೂ ಹಾಕಲ್ಲ, ಕಂಬಳಿ ಹಾಸದೆ ಎಳೆಯಲ್ಲ ಎಂದು. ಪರವಾಗಿಲ್ಲ, ಜವಾಬ್ದಾರಿ ಇರುವ ಮನುಷ್ಯ ಎಂದು ನಾನು ಮನಸ್ಸಿನಲ್ಲಿ ಮೆಚ್ಚಿಕೊಂಡೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ಮೆಕ್ಯಾನಿಕ್ ಬಂದು, ಹಿಂದಿನ ಸಂಜೆ ಹೊಳೆಯಲ್ಲಿ ಅಣ್ಣನ ಗಾಡಿ ಹೂತುಹೋದಾಗ ತಮ್ಮ ಎಳೆದರೆಂದೂ, ಉಂಡೆ ಕಿತ್ತು ಹಾರಿ ಅಣ್ಣನ ಮುಂದಿನ ಗಾಜು ಒಡೆದು ಒಳಹೊಕ್ಕಿತೆಂದೂ ತಿಳಿಸಿದ. ಕಾಲಡಿ ಮಡಚಿಕೊಂಡಿದ್ದ ಮ್ಯಾಟ್ ಎಳೆಯಲು ಅಣ್ಣ ಅದೇ ಕ್ಷಣ ಬಗ್ಗಿದ್ದರಿಂದ ತಲೆ ಉಳಿಯಿತು, ಎಡ ಹೆಗಲ ಮೂಳೆ ಮುರಿಯಿತು. ಉಂಡೆಗೇ ಹಾಕಿ ಅಂತ ಅಂಗಡಿ ಅಕ್ಕನೇ ಹೇಳಿದ್ರು ಎಂದು ತಮ್ಮ ಎಲ್ಲರ ಬಳಿ ಹೇಳುತ್ತಿದ್ದಾರೆ ಎಂದೂ ಅವನು ಹೇಳಿದ. ಅಯ್ಯೋ ಇವರ ಬಾಯಿಗೆ ಮಣ್ಣು ಹಾಕ ಎಂದು ನಾನು ಅಂಗಡಿಯ ಬಾಗಿಲು ಎಳೆದು ಅವನ ಗ್ಯಾರೇಜಿಗೆ ಹೋದೆ.

ಎರಡೂ ಗಾಡಿಗಳು ಅಲ್ಲೇ ಇದ್ದವು. ತಮ್ಮನ ಗಾಡಿಯಲ್ಲಿ ಉಂಡೆ ಇದ್ದ ಜಾಗ ಹರಿದುಹೋಗಿತ್ತು. ಒಂದು ಗೇಣು ಪಕ್ಕದಲ್ಲಿ ನಾನು ಬಳಿದ ಕೆಂಪು ಹಾಗೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಕಂಬಳಿ ಸೀಟಿನ ಹಿಂದೆ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ. ಅಷ್ಟರಲ್ಲಿ ತಮ್ಮ ಬಂದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅವರೇ, ಅಕ್ಕಾ, ನಾನೇನು ಬೇಕಂತ ಮಾಡಿಲ್ಲ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಕಳ್ಳ ಎಂದು ಯಾರೂ ಅಂದೇ ಇರಲಿಲ್ಲ. ಬೇಕಂತ ಮಾಡಿದ್ದೀರಿ ಅಂತ ಯಾರಪ್ಪಾ ಅಂದಿದ್ದು ಎಂದು ಕೇಳಿದೆ. ಅವರು ಕಂಬಳಿಯನ್ನು ಎತ್ತಿಕೊಂಡು ಗ್ಯಾರೇಜಿನ ಒಳಗೆ ಹೋದರು.

ಬರೆದುಕೊಳ್ಳುತ್ತಿರುವವರು, ಮನುಷ್ಯ ಗಾಬರಿಯಲ್ಲಿ ಮರೆಯುವುದಿಲ್ಲವೇ ಎಂದು ಈಗ ಕೇಳಿದ್ದರಿಂದ ಹೇಳುತ್ತೇನೆ. ಮರೆಯಬಹುದು. ನಾನೂ ರಾತ್ರಿಯೆಲ್ಲ ಅದನ್ನೇ ಹೇಳಿಕೊಂಡೆ. ಮರೆತವನು ಮರೆತೆ ಅನ್ನಬೇಕು, ನನ್ನ ತಲೆಗೆ ಕಟ್ಟಬಾರದು.

ಈ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಆಸ್ಪತ್ರೆಗೆ ಹೋಗಿ ಅಣ್ಣನನ್ನು ಕಂಡೆ. ಎರಡು ಮಂಚದ ಕೋಣೆ, ಇನ್ನೊಂದು ಮಂಚ ಖಾಲಿ. ಎಡಗೈ ಎದೆಗೆ ಕಟ್ಟಿದ್ದರು. ನನ್ನನ್ನು ಕಂಡೊಡನೆ, ಬನ್ನಿ, ಒಳ್ಳೆ ಬುದ್ಧಿ ಹೇಳಿಕೊಟ್ರಿ ನನ್ನ ತಮ್ಮನಿಗೆ ಎಂದು ಸಿಡುಕಿದರು. ನಾನು ಶನಿವಾರದ್ದೆಲ್ಲವನ್ನೂ ಹೇಳಿದೆ. ಉಂಡೆ ಯಾರಿಗೆ ಬಡಿಯುತ್ತೆ ಎಂದು ಕೇಳಿದ್ದನ್ನೂ ಹೇಳಿದೆ. ಅವನು ಸ್ಟೆಪ್ನಿ ಕಣಮ್ಮ, ಅವನಿಗೆಲ್ಲಿ ನೆನಪಿರುತ್ತೆ ಎಂದು ನಗಲು ನೋಡಿದರು, ನೋವಿಗೋ ಏನೋ ಆಗಲಿಲ್ಲ. ಆಮೇಲೆ, ಸರಿಯಾಗಿ ಒಪ್ಪಿಸಿದ್ನಾ ಎಂದು ಮೆಲ್ಲಗೆ ಕೇಳಿದರು. ಒಂದಕ್ಷರ ತಪ್ಪದೆ ಎಂದೆ. ಅವರು ಗೋಡೆಯ ಕಡೆ ನೋಡುತ್ತಾ, ನಮ್ಮಮ್ಮ ಇನ್ನೂ ಇದ್ದಾರೆ, ಈ ಮಾತು ಇಲ್ಲಿಗೇ ಬಿಟ್ಟುಬಿಡಿ ಎಂದರು.

ಆಗ ತಮ್ಮ ಒಂದು ಲೋಟ ಹಣ್ಣಿನ ರಸ ಹಿಡಿದು ಒಳಗೆ ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ಒಂದು ಕ್ಷಣ ನಿಂತರು. ಆಮೇಲೆ ಅಣ್ಣನ ಬಾಯಿಯ ಹತ್ತಿರ ಲೋಟ ಹಿಡಿದು, ಕುಡಿ ಅಣ್ಣಾ, ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ಎಂದರು. ಅಲ್ಲಿಡು, ಆಮೇಲೆ ಕುಡೀತೀನಿ ಎಂದು ಅಣ್ಣ ಹೇಳಿದರು. ನಾನು ಹೊರಡಲು ಎದ್ದೆ. ಅಂಗಡಿಯಲ್ಲಿ ಅಷ್ಟು ಜೋರಾಗಿ ಮಾತಾಡಿದ ಆ ಮನುಷ್ಯ, ಹೊದಿಕೆಯ ಕೆಳಗಿನಿಂದ ಬಲಗೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಕೂತ್ಕೊಳ್ಳಮ್ಮ, ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಎಂದರು. ನರ್ಸ್ ಬರುವವರೆಗೂ ಬಿಡಲಿಲ್ಲ. ನಾನು ಹೊರಗೆ ಬರುವಾಗ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು.

ಅವರು ದೂರು ಕೊಡುವುದಿಲ್ಲ, ಆದ್ದರಿಂದ ನಾನು ಕೊಡುತ್ತಿದ್ದೇನೆ. ಸಂಜೆ ಐದಕ್ಕೆ ಅವರನ್ನು ಮನೆಗೆ ಕಳಿಸುತ್ತಾರೆಂದು ನರ್ಸ್ ಹೇಳಿದರು. ಕರೆದುಕೊಂಡು ಹೋಗುವವರು ತಮ್ಮ ಒಬ್ಬರೇ. ಅದಕ್ಕೆ ಮೊದಲು ಇಲ್ಲಿಂದ ಯಾರಾದರೂ ಹೋಗಿ ಆ ಮಂಚದ ಪಕ್ಕ ನಿಲ್ಲಬೇಕೆಂದು ಕೈಮುಗಿದು ಕೇಳುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಕಂಡದ್ದು ಕೇಳಿದ್ದು ಬಿಟ್ಟು ನಾನಾಗಿ ಸೇರಿಸಿದ್ದು ಇದರಲ್ಲಿ ಏನೂ ಇಲ್ಲ, ಎಲ್ಲಿ ಕರೆದರೂ ಬಂದು ಇದನ್ನೇ ಹೇಳುತ್ತೇನೆ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಮಂಗಳವಾರ, ಮಧ್ಯಾಹ್ನ ಮೂರು ಹತ್ತು
ಸಹಿ: ಹಗ್ಗದಕ್ಕ