ತೂಗಾಡಿದ ತಂತಿ

...ಬೇಡ, ಎದ್ದೇಳ್ಬೇಡ ಖುದ್ದೂಸ್ ಭಾಯ್. ನಾನೇ, ಸೊಣ್ಣಪ್ಪ. ನಿಮ್ಮನೆಯೋರು ಕುಲ್ಸುಮಕ್ಕ ಮಾತ್ರೆ ತರಕ್ಕೆ ಓಗೋವರ್ಗೂ ಆಸ್ಪತ್ರೆ ಗೇಟತ್ರ ಕಾಯ್ತಿದ್ದೆ. ನಿನ್ನತ್ರ ಒಬ್ನೇ ಮಾತಾಡ್ಬೇಕಿತ್ತು.

ತಲೆಗೆ ಏಟು ಬಿದ್ದೋರಿಗೆ ಆ ದಿನದ್ದೊಂದೂ ನೆನಪಿರಲ್ಲ ಅಂದ್ರು ಡಾಕ್ಟ್ರು. ಇಲ್ವಾ, ಏನೂ? ...ಸರಿ, ಬಿಡು. ನಾನೇ ಯೋಳ್ತೀನಿ. ಮೂರು ಗಂಟೆಗೆ ಎನ್‌ಕ್ವೈರಿಯೋರು ಬತ್ತಾರೆ. ನೀನೂ ಇಂಗೇ ಯೋಳು.

ನಮ್ಮ ಲ್ಯಾಬಿನ ಶೆಡ್ ಗೊತ್ತಲ್ಲ. ಸ್ಯಾಟಲೈಟಿಂದ ಇಳಿಬಿಡೋ ಉದ್ದದ ತಂತೀನ ಅಲ್ಲಾಡ್ದೆ ನೆಟ್ಟಗೆ ನಿಲ್ಲಿಸೋದು ಎಂಗೆ ಅಂತ ನೋಡ್ತಿದ್ವಿ. ಸೂರಿಂದ ತಂತಿ, ತುದೀಲಿ ಇಪ್ಪತ್ತು ಕೆಜಿ ಗುಂಡು, ಸುತ್ತ ಅಯಸ್ಕಾಂತ. ತಂತೀಗೆ ಕರೆಂಟು ಕೊಟ್ರೆ ಗುಂಡು ಸರೀತದೆ. ಸರಿಯಾದ ಗಳಿಗೇಲಿ ಕೊಟ್ರೆ ತೂಗಾಟ ನಿಲ್ತದೆ. ತಪ್ಪಿದ್ರೆ, ಉಯ್ಯಾಲೆ ಜೀಕ್ದಂಗೆ ಜಾಸ್ತಿ ಆಯ್ತದೆ. ಆ ಗಳಿಗೆ ನೋಡಿ ಕರೆಂಟು ಕೊಡೋ ಡಬ್ಬಿ ಮಾಡಿದ್ದು ನಾನು. ಎಂಬತ್ನಾಲ್ಕನೇ ಇಸ್ವಿಯಿಂದ ಅದೇ ಕೆಲಸ, ಒಂದೂವರೆ ವರ್ಷ.

ಯಾಕೆ ನಗ್ತೀಯ? ...ನಗ್ಲಿಲ್ವಾ. ತುಟಿ ಒಣಗೈತೆ, ತಗೋ, ನೀರು ಕುಡಿ. ...ಬೇಡ್ವಾ. ಇಲ್ಲೇ ಇಡ್ತೀನಿ.

ಅವತ್ತು ದೊಡ್ಡ ಸಾಯೇಬ್ರು ನೋಡಕ್ಕೆ ಬಂದಿದ್ರು. ತೂಗಾಟ ಇಳಿಯೋ ಬದಲು ಏರ್ತು. ಗುಂಡು ನೆಲದ ಬಿಳೀ ಗೆರೆ ದಾಟ್ತು. ಆಗ ನೀನು ಯಾರನ್ನೂ ಕೇಳ್ದೆ, ಆ ಕಡೆ ಗೋಡೇಲಿರೋ ಮೇನ್ ಸ್ವಿಚ್ ತೆಗೆಯಕ್ಕೆ ಗೆರೆ ಒಳಗೆ ನುಗ್ಗಿದೆ. ಗುಂಡು ಬಂದು ಬಡೀತು. ಅಷ್ಟೇ. ಬೆಳಿಗ್ಗೆ ನೀನು, ಡಬ್ಬೀಲಿ ಎರಡು ವೈರು ಅದಲು ಬದಲಾದಂಗೈತೆ ನೋಡು ಸೊಣ್ಣಪ್ಪ ಅಂದಿದ್ದು... ಅದು ಬೇಡ. ಅದನ್ನ ಯಾರೂ ಕೇಳಲ್ಲ.

ಯಾಕಂಗೆ ನೋಡ್ತೀಯ? ಬೇರೆ ಸ್ವಿಚ್ ಇರ್ಲಿಲ್ಲ ಕಣ ಭಾಯ್. ಇದ್ದಿದ್ರೆ ಯಾರಾದ್ರೂ ತೆಗೀತಿರ್ಲಿಲ್ವಾ?

...ಏನಾದ್ರೂ ಅನ್ನು. ಬೈಯೋದಾದ್ರೂ ಬೈಯಿ.

ನನ್ನ ಕೈ ಯಾಕೆ ನೋಡ್ತಿದ್ದೀಯ?

...

ನಿಂಗೆ ಎಲ್ಲಾ ನೆನಪೈತೆ.

ಕೂಗ್ದೆ ನೀನು, ಮೂರು ಸಲಿ. ತೆಗಿ ಸೊಣ್ಣಪ್ಪ, ತೆಗಿ, ಅಂತ. ಕರೆಂಟು ನಿಲ್ಸೋ ಸ್ವಿಚ್ಚು ನನ್ನ ಬೆರಳ ಕೆಳಗೇ ಇತ್ತು. ಸಾಯೇಬ್ರು ನೋಡ್ತಾವ್ರೆ, ಇನ್ನೊಂದು ಸಲಿ ತೂಗ್ಲಿ, ಡಬ್ಬಿ ತಾನೇ ಸರಿ ಮಾಡ್ತದೆ ಅನ್ಕೊಂಡೆ... ನೀನು ಓಡ್ತಿರೋದು ಕಾಣ್ತಿತ್ತು.

ಆದ್ರೂ ತೆಗೀಲಿಲ್ಲ.