ಕೌದಿಯ ಹೊಟ್ಟೆ

ಬಸವನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸೊಸೆ ತೊಡೆಯ ಮೇಲಿನ ಹೊಸ ಕೌದಿಯ ಮೂಲೆಯನ್ನು ಹಿಚುಕುತ್ತಲೇ ಇದ್ದಳು.

“ಅತ್ತಿ, ಇದರಾಗೂ ರೊಟ್ಟಿ ತುಣುಕು ಇಟ್ಟು ಹೊಲದೀರೇನು?”

“ಕೌದಿ ಹೊಟ್ಟಿ ತುಂಬಸದ ಹೊಲಿಗಿ ಮುಗಸಬಾರದವ್ವ. ಹೊತ್ಕೊಂಡವ್ರಿಗೆ ನಿದ್ದಿ ಹತ್ತೂದಿಲ್ಲ.”

“ಹೋದ ಸಲ ಇರಿವಿ ಹತ್ಯಾವಂತ ವಿಜಾಪುರದ ಅಂಗಡಿಯವ್ರು ವಾಪಸ್ ಕಳಿಸ್ಯಾರ. ಇದೂ ವಾಪಸ್ ಬಂದ್ರ ಮುಂದ ನಮ್ಮ ಕೌದಿ ಯಾರೂ ತಗೊಳ್ಳೂದಿಲ್ಲ.”

“ರೊಟ್ಟಿ ಇಟ್ಟಿಲ್ಲ.”

“ಮತ್ತ ಗಟ್ಟಿ ಹತ್ತತೈತಲ್ರಿ?”

“ಉಪ್ಪಿನ ಹರಳು. ಉಪ್ಪಿಗೆ ಇರಿವಿ ಬರೂದಿಲ್ಲ.”

ಸೊಸೆ ಚೀಲದಿಂದ ಕತ್ತರಿ ತೆಗೆದಳು.

“ಬಿಚ್ಚು,” ಎಂದಳು ಅತ್ತೆ. “ಆದ್ರ ಹಸದ ಕೌದಿ ಮತ್ತ ನನ್ನ ಕೈಲೆ ಹೊಲಿಸಬ್ಯಾಡ.”

ಬಸ್ಸು ಬಂತು. ಸೊಸೆ ಕತ್ತರಿ ಒಳಗಿಟ್ಟಳು.

“ಮಳಿಗಾಲದಾಗ ಕರಗಿದ್ರ?”

“ಅಷ್ಟೊತ್ತಿಗೆ ಕೌದಿ ಉಂಡ ಮುಗಸಿರತೈತಿ, ನಡಿ,” ಎನ್ನುತ್ತ ಅತ್ತೆ ಬಸ್ಸು ಹತ್ತಿದಳು.