ತೆರೆಸಿದ ಕಣ್ಣು

ಕೊಳ್ಳೇಗಾಲದಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಹಳೇ ಬಾವಿಯ ದಾರಿ ಹಿಡಿಯುವವರು ಎರಡೇ ಥರ. ಕುಡಿದವರು, ಇಲ್ಲಾ ಕೆಲಸದಲ್ಲಿ ಮುಳುಗಿ ಹೊತ್ತು ಹೋದದ್ದು ಗೊತ್ತಾಗದವರು. ನಿರಂಜನ್ ಎರಡನೆಯ ಥರದವನು. ನಮ್ಮ ನೇಕಾರರ ಬೀದಿಯವನೇ, ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಟೀ ಬಿಟ್ಟರೆ ಬೇರೆ ಚಟ ಇಲ್ಲ. ಅದಕ್ಕೇ ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಆವತ್ತು ಸ್ಟುಡಿಯೋದ ಶಟರ್ ಎಳೆದ. ಘರ್‍ರ್... ಅಂತ ಇಳಿದು ದಡ್ ಅಂತ ನೆಲಕ್ಕೆ ಕೂತಿತು. ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ನಡೆದ. ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಆಲದ ಮರ. ಅದರ ಆಚೆ ಬಾವಿ. ಬಾವಿಗೆ ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ, ಅದರ ಮೇಲೆ ಜನ ಕಸ ಸುರಿದಿದ್ದಾರೆ. ಹೆದರಿಕೊಳ್ಳುವಂಥದ್ದು ಅಲ್ಲಿ ಏನೂ ಇಲ್ಲ.

ಆಲದ ಮರ ದಾಟುವಾಗ ಹಿಂದಿನಿಂದ ಸದ್ದು.

ಟಕ್... ಟಕ್... ಟಕ್...

ನಮ್ಮ ಕಡೆ ದೆವ್ವ ಅಂದರೆ ಗೆಜ್ಜೆ ತಾನೇ? ಇದು ಗೆಜ್ಜೆಯಲ್ಲ. ಗಟ್ಟಿ ಹಿಮ್ಮಡಿಯ ಬೂಟು ಟಾರು ರಸ್ತೆ ಮೇಲೆ ಬೀಳುವ ಸದ್ದು. ಜೊತೆಗೆ ಇನ್ನೊಂದು. ಸರ್... ಸರ್... ದಪ್ಪ ಬಟ್ಟೆ ನೆಲಕ್ಕೆ ಉಜ್ಜಿಕೊಂಡು ಬರುವ ಸದ್ದು. ನೇಯ್ಗೆ ಮನೆಯಲ್ಲಿ ಹುಟ್ಟಿದವನಿಗೆ ಕಣ್ಣು ಮುಚ್ಚಿದ್ದರೂ ಬಟ್ಟೆ ಯಾವುದು ಅಂತ ತಿಳಿಯುತ್ತದೆ. ರೇಷ್ಮೆಯಲ್ಲ. ಹತ್ತಿಯಲ್ಲ. ಉಣ್ಣೆ. ಈ ಸೆಕೆಯಲ್ಲಿ ಕೊಳ್ಳೇಗಾಲದೊಳಗೆ ಉಣ್ಣೆ ಬಟ್ಟೆ ಹಾಕಿಕೊಂಡು ಓಡಾಡುವವರು ಯಾರು?

ಅವನು ನಿಂತ. ಸದ್ದೂ ನಿಂತಿತು.

ತಿರುಗಿ ನೋಡಲಿಲ್ಲ. ಅವನ ತಲೆಯಲ್ಲಿ ಆಗ ದೆವ್ವಕ್ಕೆ ಜಾಗವೂ ಇರಲಿಲ್ಲ. ಮೂರು ದಿನದಿಂದ ಅವನ ಹೆಂಡತಿ ರೋಜಾಳ ಕಣ್ಣು ತೆರೆದಿರಲಿಲ್ಲ.

ಅದು ಹೇಗಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ನಿರಂಜನನಿಗೆ ಇಂಟರ್‌ನೆಟ್ಟಿನಲ್ಲಿ ಆಸ್ಟ್ರೇಲಿಯಾದ ಒಂದು ಕೆಲಸ ಸಿಕ್ಕಿತ್ತು. ಅಲ್ಲಿಯ ಒಂದು ಸಣ್ಣ ಊರಲ್ಲಿ ನೂರ ಹದಿನೈದು ವರ್ಷದ ಹಿಂದೆ ಒಬ್ಬ ಔಷಧಿ ಅಂಗಡಿಯವನಿದ್ದನಂತೆ. ಫೋಟೋದ ಹುಚ್ಚು. ಹೊಟ್ಟೆಪಾಡಿಗಲ್ಲ, ಬರೀ ಆಸೆಗೆ. ಊರಿನ ಕ್ಯಾಮೆರಾ ಕ್ಲಬ್ಬಿನ ಸ್ಪರ್ಧೆಗಳಿಗೆ ಕಳಿಸಿ ಪದಕ ಗೆಲ್ಲುತ್ತಿದ್ದ. ಅವನು ತೆಗೆದ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಯೊಂದು ಯಾರದೋ ಅಟ್ಟದಲ್ಲಿ ಸಿಕ್ಕಿ, ಊರಿನವರು ಪ್ರದರ್ಶನ ಇಡಲು ಹೊರಟಿದ್ದರು. ಹೆಲೆನ್ ಅನ್ನುವ ಹೆಂಗಸು ಅವನ್ನು ಸ್ಕ್ಯಾನ್ ಮಾಡಿ ಕಳಿಸುವುದು, ಇವನು ಧೂಳು, ಬೂಷ್ಟು, ಗೀರು ತೆಗೆದು ವಾಪಸ್ ಕಳಿಸುವುದು.

ಮೊದಲ ಕಂತಿನಲ್ಲೇ ಎಡವಟ್ಟು. ಚಿತ್ರಗಳೆಲ್ಲ ಮಸುಕು. ಮಂಜಿನಲ್ಲಿ ನೀಲಗಿರಿ ಮರ, ಮಂಜಿನಲ್ಲಿ ಕುರಿ, ಮಂಜಿನಲ್ಲಿ ಕೊಡೆ ಹಿಡಿದ ಹೆಂಗಸು. ಪಾಪ, ಫೋಕಸ್ ಮಾಡಲು ಬಂದಿಲ್ಲ ಅಂದುಕೊಂಡು ಇವನು ಎಲ್ಲವನ್ನೂ ತೀಡಿ ಚೂಪು ಮಾಡಿ ಕಳಿಸಿದ. ಹೆಲೆನ್ ನಯವಾಗಿಯೇ ಬೈದಳು. ಆ ಮಂಜಿಗಾಗಿ ಅವನು ಮೂರು ದಿನ ಬೆಳಗ್ಗೆ ಕಾದಿದ್ದಾನೆ. ಆ ಕಾಲದವರಿಗೆ ಫೋಟೋ ಅಂದರೆ ಕುಂಚದಲ್ಲಿ ಬರೆದ ಚಿತ್ರದ ಹಾಗೆ ಇರಬೇಕು ಅನ್ನುವ ಆಸೆ. ಮಸುಕು ತಪ್ಪಲ್ಲ, ಅದೇ ಅವರ ಕಲೆ. ಧೂಳು ಬಿಟ್ಟು ಬೇರೇನೂ ಮುಟ್ಟಬೇಡಿ ಅಂತ ಬರೆದಿದ್ದಳು.

ಮದುವೆ ಮನೆಯ ಫ್ಲಾಶಿನಲ್ಲೇ ಬಾಳು ಕಳೆದವನಿಗೆ ನಾಚಿಕೆಯಾಯಿತು. ಮತ್ತೆ ಕೂತು ನೋಡಿದ. ನೋಡುತ್ತ ನೋಡುತ್ತ ಆ ಔಷಧಿ ಅಂಗಡಿಯವನ ಮೇಲೆ ಅವನಿಗೆ ಪ್ರೀತಿಯೇ ಹುಟ್ಟಿತು.

ಕೊನೆಯ ಕಂತಿನಲ್ಲಿ ಒಂದು ಗಾಜಿನ ನೆಗೆಟಿವ್ ಪ್ಲೇಟಿನ ಸ್ಕ್ಯಾನ್ ಬಂತು. ಕಿಟಕಿ ಪಕ್ಕದ ಸೋಫಾದ ಮೇಲೆ ಒಬ್ಬಳು ಹೆಂಗಸು. ಕತ್ತಿನವರೆಗೂ ಗುಂಡಿ ಹಾಕಿದ ಉದ್ದ ಉಣ್ಣೆ ನಿಲುವಂಗಿ, ಅಂಚಿನಿಂದಾಚೆ ಬೂಟಿನ ತುದಿ. ಮುಖದ ಮೇಲೆ ಮೆತ್ತನೆ ಬೆಳಕು. ಕಣ್ಣು ಮುಚ್ಚಿದೆ. ಪ್ಲೇಟಿನ ಅಂಚಿಗೆ ‘ನಿದ್ದೆ’ ಅನ್ನುವ ಅರ್ಥದ ಇಂಗ್ಲಿಷ್ ಹೆಸರು. ಆ ಔಷಧಿ ಅಂಗಡಿಯವನ ಹೆಂಡತಿ ಅಂತ ಹೆಲೆನ್ ಬರೆದಿದ್ದಳು.

ನಿರಂಜನನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ನಿದ್ದೆಯಲ್ಲ. ಹೆಣದ ಬಾಯಿ ತೆರೆಯದಂತೆ ಗಲ್ಲಕ್ಕೆ ಕಟ್ಟಿದ ರಿಬ್ಬನ್ನಿನ ತುದಿ ಕೂದಲಲ್ಲಿ ಕಾಣುತ್ತಿತ್ತು. ಬೆರಳುಗಳನ್ನು ಯಾರೋ ಜೋಡಿಸಿಟ್ಟಿದ್ದರು. ಅಂಥವರ ಫೋಟೋ ತೆಗೆದೇ ಅವನ ಕೈ ಪಳಗಿದ್ದು.

ನಮ್ಮ ಕಡೆ ಬದುಕಿದ್ದಾಗ ಫೋಟೋ ತೆಗೆಸದೆ ಸತ್ತವರು ಬೇಕಾದಷ್ಟು ಜನ. ಸ್ಟುಡಿಯೋದವನು ಹೆಣದ ಫೋಟೋ ತೆಗೆದು, ಆಮೇಲೆ ಕಣ್ಣು ತೆರೆಸಿ, ತಿಥಿಗೆ ಚೌಕಟ್ಟು ಹಾಕಿ ಕೊಡುತ್ತಾನೆ. ಕಣ್ಣು ಮುಚ್ಚಿದ ಫೋಟೋವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಎಡೆ ಇಟ್ಟರೆ ಅವರು ನೋಡುವುದು ಬೇಡವೇ? ಆ ಕಣ್ಣನ್ನು ಎಲ್ಲಿಂದಲೋ ತರುವಂತಿಲ್ಲ. ಅದೇ ಮನೆಯ ಮಗನದ್ದೋ ಮಗಳದ್ದೋ ಫೋಟೋದಿಂದ ಎತ್ತಿ ಕೂರಿಸಬೇಕು. ನಿರಂಜನ್ ತೆರೆಸಿದ ಕಣ್ಣು ನಮ್ಮ ಬೀದಿಯ ಎಷ್ಟೋ ಮನೆಯ ಗೋಡೆಯಿಂದ ನೋಡುತ್ತಿವೆ.

ಆ ರಾತ್ರಿ ಅವನು ಆ ಹೆಂಗಸನ್ನೇ ನೋಡುತ್ತ ಕೂತ. ನೂರು ವರ್ಷದಿಂದ ಇವಳು ಹೀಗೇ ಕತ್ತಲಲ್ಲಿ... ಧೂಳು ಬಿಟ್ಟು ಬೇರೇನೂ ಮುಟ್ಟಬೇಡಿ ಅಂದದ್ದು ನೆನಪಿತ್ತು. ಆದರೂ ಕೈ ಹೋಯಿತು. ಅವಳ ಮನೆಯವರ ಫೋಟೋ ಎಲ್ಲಿಂದ ತರುವುದು? ಮುಖದ ಅದೇ ಓರೆ, ಅದೇ ಕಿಟಕಿ ಬೆಳಕು ಬೇಕಿತ್ತು. ಕಂಪ್ಯೂಟರಿನಲ್ಲಿ ತನ್ನದೇ ಮದುವೆಯ ಆಲ್ಬಮ್ ಇತ್ತು. ರೋಜಾಳ ಕಣ್ಣನ್ನು ಎತ್ತಿ ಅವಳಿಗೆ ಕೂರಿಸಿದ. ಸೊಗಸಾಗಿ ಕೂತವು. ಅದೇ ಫೈಲಿನ ಮೇಲೆ ಸೇವ್ ಮಾಡಿ ಕಳಿಸಿಬಿಟ್ಟ.

ಮಾರನೆಯ ಸಂಜೆ ರೋಜಾ ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದಳು. ಲಟಕ್ ಪಟಕ್ ಸದ್ದು ನಿಂತಿತು. ಅತ್ತೆ ಭಾಗ್ಯಮ್ಮ ಒಳಗಿನಿಂದ ಬಂದು ನೋಡಿದರೆ ಸೊಸೆ ಎರಡೂ ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡು, ಗಾಳಿಯಲ್ಲಿ ಎಳೆ ತಡಕುತ್ತಿದ್ದಾಳೆ. ಮೈಸೂರಿನ ಕಣ್ಣಿನ ಡಾಕ್ಟರು ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟರು. ಕಣ್ಣಲ್ಲಿ ದೋಷವಿಲ್ಲ, ಆದರೆ ಏನೂ ಕಾಣುತ್ತಿಲ್ಲ, ಯಾಕೆ ಅಂತ ಗೊತ್ತಾಗುತ್ತಿಲ್ಲ ಅಂದರು. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಉಳಿಯಿತು. ರೋಜಾ ಅಳಲಿಲ್ಲ. ದಿನವೆಲ್ಲ ಕೂತಲ್ಲೇ ಆ ಸೀರೆಯನ್ನು ಬೆರಳಿಂದ ಸವರುತ್ತಿದ್ದಳು. ಅದನ್ನು ನೋಡಲಾಗದೆ ನಿರಂಜನ್ ಸ್ಟುಡಿಯೋದಲ್ಲಿ ಹೊತ್ತು ಹಾಕುತ್ತಿದ್ದ.

ಈಗ ಬಾವಿಯ ಹತ್ತಿರ ಬನ್ನಿ.

ಅವನು ನಿಂತಿದ್ದಾನೆ. ಹಿಂದಿನ ಸದ್ದೂ ನಿಂತಿದೆ. ಜೇಬಿನಲ್ಲಿ ಫೋನು ಗುಂಯ್ ಅಂತ ಅದುರಿತು. ರೋಜಾಳ ನಂಬರು.

"ರೀ..." ಪಿಸುಮಾತು. "ಅತ್ತೆ ಫೋನ್ ಒತ್ತಿಕೊಟ್ರು. ನಂಗೆ ಕಾಣ್ತಾ ಅದೆ ಕಣ್ರಿ."

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. "ನಿಜವಾ? ಕಣ್ಣು ಬಿಟ್ಯಾ?"

"ಇಲ್ಲ. ಮುಚ್ಕಂಡೇ ಅದೆ... ಆದ್ರೂ ಕಾಣ್ತಾ ಅದೆ."

"ಏನು ಕಾಣ್ತದೆ?"

ರೋಜಾ ದನಿ ಇನ್ನೂ ತಗ್ಗಿಸಿದಳು.

"ನೀವು. ಬಾವಿತಾವ ನಿಂತಿದ್ದೀರಿ. ನೀಲಿ ಶರ್ಟು. ಫೋನು ಕಿವೀಲದೆ... ನಿಮ್ಮ ಬೆನ್ನು ಕಾಣ್ತಾ ಅದೆ ಕಣ್ರಿ."

ಮೂರು ದಿನದಿಂದ ತಲೆಗೆ ಹೊಳೆಯದ್ದು ಆಗ ಹೊಳೆಯಿತು. ತಾನು ಯಾರ ಕಣ್ಣನ್ನು ಯಾರಿಗೆ ಕೊಟ್ಟೆ ಅನ್ನುವುದು.

"ಎಷ್ಟು ದೂರ ಇದ್ದೀನಿ?" ಅಂದ.

"ಕೈ ಚಾಚಿದ್ರೆ ಸಿಗ್ತೀರಿ."

ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಪ್ಲೇಟು, ಸತ್ತ ಹೆಂಗಸು, ಮದುವೆಯ ಫೋಟೋ. ರೋಜಾ ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬೈಯಲಿಲ್ಲ. "ಅದಕ್ಕಾ..." ಅಂದಳು ಅಷ್ಟೆ. ಆಮೇಲೆ, "ಸ್ಟುಡಿಯೋಗೆ ವಾಪಸ್ ಓಗಿ" ಅಂದಳು.

ವಾಪಸ್ ಹೋಗಬೇಕಾದರೆ ತಿರುಗಬೇಕು. ತಿರುಗಿದರೆ ಎದುರಿಗೇ.

ತಿರುಗಿದ. ಏನೂ ಇಲ್ಲ. ಬೀದಿ ದೀಪ, ಆಲದ ಬಿಳಲು, ಖಾಲಿ ರಸ್ತೆ. ಅವನಿಗೆ ಕೊನೆಯವರೆಗೂ ಏನೂ ಕಾಣಲಿಲ್ಲ, ಅದನ್ನು ಅವನು ಆಣೆ ಇಟ್ಟು ಹೇಳುತ್ತಾನೆ.

"ಈಗ ನಿಮ್ಮ ಮುಖ ಕಾಣ್ತಾ ಅದೆ" ಅಂದಳು ರೋಜಾ. "ಅಳಬ್ಯಾಡಿ."

ಅವನು ಅಳುತ್ತಿರುವುದು ಅವನಿಗೇ ಗೊತ್ತಿರಲಿಲ್ಲ. ಎಡಕ್ಕೆ ಸರಿಯಿರಿ ಅಂದಳು, ಸರಿದ. ನಡೀರಿ ಅಂದಳು, ನಡೆದ. ಕಿವಿ ಪಕ್ಕದಲ್ಲೇ ಸರ್... ಅಂತ ಉಣ್ಣೆ ಬಟ್ಟೆ ತಿರುಗಿದ ಸದ್ದು. ಮತ್ತೆ ಹಿಂದೆ ಟಕ್... ಟಕ್...

"ರೋಜಾ, ಏನು ಮಾಡ್ತಾ ಅವ್ಳೆ?"

"ಬೋರ್ಡು ನೋಡ್ತಾ ಅವ್ಳೆ ಕಣ್ರಿ. ಒಂದೊಂದು ಅಂಗಡಿ ಬೋರ್ಡೂ. ನಂಗೂ ಅವು ಗೀಟು ಗೀಟಾಗಿ ಕಾಣ್ತವೆ, ಒಂದಕ್ಷರ ಓದಕ್ಕಾಯ್ತಿಲ್ಲ. ಯಾವೂರು ಅಂತ್ಲೇ ಗೊತ್ತಿಲ್ಲ ಅವ್ಳಿಗೆ."

ಶಟರ್ ಎತ್ತಿ, ಕಂಪ್ಯೂಟರ್ ಹಾಕಿ ಕೂತ. ಹಿಂದೆ ಗಿರಾಕಿಗಳ ಕುರ್ಚಿ ಕಿರ್‍ರ್... ಅಂದಿತು. ಯಾರೋ ಕೂತರು.

ಪರದೆಯ ಮೇಲೆ ಆ ಹೆಂಗಸು ರೋಜಾಳ ಕಣ್ಣಿನಿಂದ ಅವನನ್ನು ನೋಡುತ್ತಿದ್ದಳು. ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದ, ಹೆಲೆನ್ ಕಳಿಸಿದ್ದ ಲಿಂಕಿನ ಅವಧಿಯೂ ಮುಗಿದಿತ್ತು, ಹಾಗಾಗಿ ರೆಪ್ಪೆಯನ್ನು ಕೈಯಿಂದಲೇ ಬರೆಯಬೇಕು. ಕಣ್ಣು ತೆರೆಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಮುಚ್ಚುವ ಕೆಲಸ ಅದೇ ಮೊದಲು. ಡಿಜಿಟಲ್ ಪೆನ್ನು ಹಿಡಿದವನಿಗೆ ಭಯ ಹತ್ತಿತು. ರೋಜಾಗೆ ಈಗ ಕಾಣುತ್ತಿರುವುದು ಇದೊಂದೇ. ಇದನ್ನೂ ಮುಚ್ಚಿದ ಮೇಲೆ ಅವಳ ಕಣ್ಣು ತೆರೆಯದೇ ಹೋದರೆ?

ಅದನ್ನೇ ಅವಳಿಗೆ ಹೇಳಿದ. ತಾನೊಬ್ಬನೇ ತೀರ್ಮಾನ ಮಾಡಿ ಒಂದು ಸಲ ಕೆಟ್ಟದ್ದು ಸಾಕಿತ್ತು.

ಫೋನಿನಾಚೆ ಭಾಗ್ಯಮ್ಮ ಮಲೆ ಮಾದಪ್ಪ ದೇವರ ಹೆಸರು ಹೇಳುತ್ತಿದ್ದುದು ಕೇಳುತ್ತಿತ್ತು.

"ಮುಚ್ಚಿ" ಅಂದಳು ರೋಜಾ. "ಅವ್ಳ ಕಾಲು ನೋಯ್ತಾ ಅದೆ. ಮಲಗಿದ್ದೋಳ್ನ ಎಬ್ಬಿಸ್ಬಿಟ್ಟಿದ್ದೀರಿ. ಮುಚ್ಚಿ."

ಎಡಗಣ್ಣಿನ ರೆಪ್ಪೆ ಎಳೆದ. "ಒಂದು ಕಡೆ ಕತ್ತಲಾಯ್ತು" ಅಂದಳು. ಬಲಗಣ್ಣಿನದು ಎರಡು ಸಲ ಕೆಟ್ಟಿತು. ಮೂರನೆಯ ಸಲ ರೆಪ್ಪೆ ಕೂಡಿತು. ಅದರ ಮೇಲೆ, ಆ ಔಷಧಿ ಅಂಗಡಿಯವನ ಹಾಗೇ, ಚೂರು ಮಸುಕು ಹರಡಿದ.

ಹಿಂದೆ ಕುರ್ಚಿ ಮತ್ತೆ ಕಿರ್‍ರ್... ಅಂದಿತು. ಫೋನಿನಲ್ಲಿ ಏನೂ ಕೇಳಲಿಲ್ಲ.

"ರೋಜಾ?"

ಇಲ್ಲ.

ಫೈಲು ಕಳಿಸಿದ. ಹಿಂದಿನದರಲ್ಲಿ ನನ್ನದೇ ತಪ್ಪಾಗಿದೆ, ದಯವಿಟ್ಟು ಅದನ್ನು ಅಳಿಸಿ ಇದನ್ನೇ ಇಡಿ ಅಂತ ಬರೆದ. ಅಲ್ಲಿ ಆಗಲೇ ಬೆಳಗಾಗುತ್ತಿತ್ತು, ಆಗಲಿ ಅಂತ ಹೆಲೆನ್ ಒಂದೇ ಸಾಲಿನ ಉತ್ತರ ಹಾಕಿದಳು. ಅದನ್ನು ಓದಿದವನೇ ಶಟರ್ ಕೂಡ ಎಳೆಯದೆ ಓಡಿದ. ಆಲದ ಮರ, ಬಾವಿ, ಬೀದಿ... ಹಿಂದೆ ಯಾವ ಸದ್ದೂ ಬರಲಿಲ್ಲ.

ರೋಜಾ ಹೊಸಿಲ ಮೇಲೆ ಕೂತಿದ್ದಳು. ಫೋನು ಕೈಯಿಂದ ಜಾರಿ ಮೆಟ್ಟಿಲ ಕೆಳಗೆ ಬಿದ್ದಿತ್ತು. ಬಾಗಿಲ ದೀಪಕ್ಕೆ ಕಣ್ಣು ಕಿರಿದು ಮಾಡಿಕೊಂಡು ಇವನನ್ನು ನೋಡಿ, "ಚಪ್ಪಲಿ ಎಲ್ಲಿ ಬಿಟ್ರಿ?" ಅಂದಳು. ಅವನು ಅಲ್ಲೇ ಕೂತು ಮಕ್ಕಳ ಹಾಗೆ ಅತ್ತ.

ಈಗ ಅವಳ ಕಣ್ಣು ಚೆನ್ನಾಗಿವೆ. ಆ ಸೀರೆ ಮುಗಿಯಿತು, ಅದಾದ ಮೇಲೆ ಏಳೆಂಟು ಮುಗಿದವು. ನಿರಂಜನ್ ಹೆಣದ ಕಣ್ಣು ತೆರೆಸುವುದನ್ನು ಬಿಟ್ಟಿದ್ದಾನೆ. ಕೇಳಿಕೊಂಡು ಬಂದವರನ್ನು ಯಳಂದೂರಿನ ಸ್ಟುಡಿಯೋಗೆ ಕಳಿಸುತ್ತಾನೆ.

ಹೋದ ತಿಂಗಳು ರೋಜಾ ಆಧಾರ್ ಕಾರ್ಡಿನ ಫೋಟೋ ಬದಲಾಯಿಸಲು ಹೋಗಿದ್ದಳು. ಕಂಪ್ಯೂಟರಿನ ಮುಂದೆ ಕೂತಿದ್ದವನು ಚೌಡೇಶ, ನಮ್ಮ ಬೀದಿಯ ಹುಡುಗ. ಫೋಟೋ ತೆಗೆದ.

"ಅಕ್ಕ, ಕಣ್ಣು ಬಿಡಿ."

"ಬಿಟ್ಟೇ ಇದ್ದೀನಲ್ಲಪ್ಪ."

ಇನ್ನೊಂದು ತೆಗೆದ. ಜಾಗ ಬದಲಾಯಿಸಿದ, ಲೈಟು ಹಾಕಿದ. ಅವಳು ರೆಪ್ಪೆ ಬಡಿಯದೆ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾಳೆ, ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದಾನೆ. ಹದಿನಾಲ್ಕು ಸಲ ತೆಗೆದರೂ ಪರದೆಯ ಮೇಲೆ ಎರಡೂ ಕಣ್ಣು ಮುಚ್ಚಿಯೇ ಬಂತು. ಮನೆಗೆ ಬಂದು ಗಂಡನಿಗೆ ನಗುತ್ತಲೇ ಹೇಳಿದಳಂತೆ. ಹೇಳಿ, "ನಾಳೆ ನಾನು ಸತ್ಮೇಲೆ ನನ್ನ ಫೋಟೋಗೆ ಯಾರ ಕಣ್ಣು ಆಕ್ತೀರಿ?" ಅಂತ ಕೇಳಿದಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ನಿರಂಜನನೇ.

ಇದು ನಡೆದದ್ದು. ಬೇಕಾದರೆ ಚೌಡೇಶನನ್ನು ಕೇಳಿ. ಆ ಅರ್ಜಿ ಇನ್ನೂ ಬಾಕಿ ಇದೆ, ರಸೀದಿಯನ್ನು ನಾನೇ ಕೈಯಲ್ಲಿ ಹಿಡಿದು ಓದಿದ್ದೇನೆ. ಕಾರಣದ ಜಾಗದಲ್ಲಿ ‘ಕಣ್ಣು ಮುಚ್ಚಿದೆ’ ಅಂತ ಬರೆದಿದೆ.